ಬಾಗಿಲಿಗೆ ಬರೆದ ಚಿತ್ರ

ಮೂರನೆಯ ಸಲವೂ ಕಂಪ್ಯೂಟರು ಒಳಗೆ ಬಿಡದೆ, ಉಸ್ಸೆಂದು ಉಸಿರು ಚೆಲ್ಲಿ ಮಲಗಿಬಿಟ್ಟಿತು. ಅತ್ತೆ ಮೇಜು ಗುದ್ದಿದಳು.

“ಗುಬ್ಬೀ! ಏನೇ ಮಾಡಿಟ್ಟಿದೀಯ ಇದಕ್ಕೆ?”

ಅಣ್ಣನ ಮಗಳು ಒದ್ದೆ ಕಾಲಲ್ಲಿ ಪಚಪಚನೆ ಓಡಿಬಂದಳು. ಗಂಟೆ ಹತ್ತೂವರೆ. ಹನ್ನೊಂದರೊಳಗೆ ಆಸ್ಪತ್ರೆಗೆ ಒಂಬತ್ತು ವರದಿ ಹೋಗಬೇಕು. ವೈದ್ಯರು ಬಾಯಲ್ಲಿ ಹೇಳಿ ಕಳಿಸಿದ್ದನ್ನು ಕೇಳಿಕೇಳಿ ಟೈಪು ಮಾಡಿಕೊಡುವುದು ಅತ್ತೆಯ ಕೆಲಸ. ಹುಟ್ಟುಕುರುಡಿಯಿಂದ ಇದೆಲ್ಲ ಆದೀತೇ ಎಂದು ಮೂಗು ಮುರಿದವರೆದುರು, ಒಂದು ದಿನವೂ ತಡಮಾಡದೆ, ಏಳು ತಿಂಗಳಿಂದ ಹಲ್ಲು ಕಚ್ಚಿ ಉಳಿಸಿಕೊಂಡು ಬಂದ ಕೆಲಸ.

“ಹೊಸ ವರ್ಷನ್ ಅತ್ತೆ, ನಿನ್ನೆ ಸಂಜೆ ಹಾಕಿದ್ನಲ್ಲ. ಅದರಲ್ಲಿ ನಾನು ಮಾಡಿದ್ದೂ ಇದೆ!”

ಅದು ಯಾರು ಬೇಕಾದರೂ ಒಳಗಿಳಿದು ತಿದ್ದಬಹುದಾದ, ಹತ್ತು ಜನ ಸೇರಿ ಕಟ್ಟುವ ಆಪರೇಟಿಂಗ್ ಸಿಸ್ಟಮ್ಮು. ಪುಕ್ಕಟೆ ಬಳಸಿದ ಮೇಲೆ ಅದರ ಋಣಕ್ಕೆ ಒಂದು ಕಡ್ಡಿಯನ್ನಾದರೂ ಎತ್ತಿಡಬೇಕೆಂದು ಗುಬ್ಬಿಯನ್ನು ಹಚ್ಚಿದವಳೇ ಅತ್ತೆ. ಗುಬ್ಬಿ ಎರಡು ತಿಂಗಳು ಪಟ್ಟುಹಿಡಿದು ಕೂತು, ಒಳಹೋಗುವ ಮೊದಲ ಪುಟದ ಒಣಕಲು ಅಕ್ಷರಗಳನ್ನೆಲ್ಲ ಗುಡಿಸಿಹಾಕಿ, ಬಂಗಾರದ ಬೀಗದಕೈ, ನಿದ್ದೆಗಣ್ಣಿನ ಚಂದಿರ ಎಂದೆಲ್ಲ ಚಿತ್ರ ಬಿಡಿಸಿದ್ದಳು. ಕಾಣದ ದೇಶದವರೂ ಶಹಬ್ಬಾಸ್ ಎಂದಿದ್ದರು.

“ಚಂದಿರ ಕಣ್ಣು ಮಿಟುಕಿಸ್ತಾನೆ, ಗೊತ್ತಾ ಅತ್ತೆ?”

“ಮಿಟುಕಿಸಲಿ. ನನ್ನ ಕಿವಿಗೆ ಏನು ಹೇಳ್ತಾನೆ ಕೇಳು.”

ಅತ್ತೆ ಯಂತ್ರವನ್ನು ಎಬ್ಬಿಸಿ, ಪಾಸ್‌ವರ್ಡ್ ಹೊಡೆದು, ಮುಂದಕ್ಕೆ ಹೋಗುವ ಕೀಲಿ ಒತ್ತಿದಳು. ತೆರೆಯನ್ನು ಓದಿ ಹೇಳುವ ದನಿ “ಬಟನ್” ಎಂದಿತು. ಮುಂದೆ ಹೋದರೂ “ಬಟನ್.” ಅದರಾಚೆಗೂ “ಬಟನ್.” ಚಿತ್ರಗಳಿಗೆ ಹೆಸರು ಬರೆದಿಡಬೇಕೆಂಬುದೇ ಗುಬ್ಬಿಗೆ ಹೊಳೆದಿರಲಿಲ್ಲ.

“ಒಂದು ಒತ್ತಿದರೆ ಮಲಗುತ್ತೆ, ಒಂದು ಒತ್ತಿದರೆ ಮತ್ತೆ ಮೊದಲಿಂದ ಶುರುವಾಗುತ್ತೆ, ಇನ್ನೊಂದು ಒತ್ತಿದರೆ ಆರೇಹೋಗುತ್ತೆ. ಒಳಗೆ ಬಿಡೋದು ಯಾವುದೇ? ನೀನು ಕಳಿಸುವಾಗ ಇದನ್ನ ಯಾರೂ ಕೇಳಲಿಲ್ವಾ?”

“ಕೇಳ್ತಾರೆ… ಒಂದು ಪಟ್ಟಿ ಇರುತ್ತೆ. ತೆರೆ ನೋಡದೆ, ದನಿ ಕೇಳ್ಕೊಂಡೇ ಬಳಸಿ ನೋಡಿದೀನಿ ಅಂತ ಟಿಕ್ ಹಾಕಬೇಕು.”

“ಹಾಕಿದೆಯಾ?”

ಗುಬ್ಬಿ ಒದ್ದೆ ಕಾಲನ್ನು ನೆಲಕ್ಕೆ ಉಜ್ಜಿದಳು.

“ಎಲ್ಲರೂ ಹಾಕ್ತಾರೆ ಅತ್ತೆ.”

“ಎಲ್ಲರೂ! ಅವರ ಮನೇಲಿ ಕುರುಡರು ಇಲ್ಲದಿದ್ದರೆ ಇಲ್ಲ. ನಿನ್ನ ಮನೇಲಿ, ಈ ಗೋಡೆ ಪಕ್ಕದಲ್ಲೇ ಒಬ್ಬ ಕುರುಡಿ ಕೂತಿದ್ದಳಲ್ಲೇ! ‘ಅತ್ತೆ, ಒಂದು ನಿಮಿಷ ಬಾ’ ಅಂದಿದ್ದರೆ ಬಾಯಿಂದ ಮುತ್ತು ಉದುರಿಹೋಗ್ತಿತ್ತಾ?”

ಗುಬ್ಬಿ ಒಂದೇ ಏಟಿಗೆ ಬೀಗದಕೈ ಒತ್ತಿ ಒಳಗೆ ಬಿಟ್ಟಳು. ಅತ್ತೆಯ ಬೆರಳುಗಳು ಕೀಲಿಮಣೆಯ ಮೇಲೆ ಆಲಿಕಲ್ಲಿನಂತೆ ಬಿದ್ದವು. ಆದರೂ ಒಂಬತ್ತನೆಯ ವರದಿ ಹೊರಡುವಾಗ ಹನ್ನೊಂದು ದಾಟಿ ಆರು ನಿಮಿಷ. ಆಸ್ಪತ್ರೆಯ ಉತ್ತರ ತಡವಾಗಲಿಲ್ಲ. ದನಿ ಓದಿತು: “ಇದಕ್ಕೇ ನಾವು ಮೊದಲೇ ಹಿಂದೆಮುಂದೆ ನೋಡಿದ್ದು. ನಾಳೆಯಿಂದ ನಿಮಗೆ ಕೆಲಸ ಕಳಿಸಬೇಕೋ ಬೇಡವೋ, ಯೋಚಿಸಿ ತಿಳಿಸುತ್ತೇವೆ.” ಆ ದನಿಗೆ ಮಾನ ಅವಮಾನದ ಗೊಡವೆ ಇಲ್ಲ; ರೈಲು ಹೊರಡುವ ವೇಳೆ ಓದಿದಂತೆ ಓದಿ ಮುಗಿಸಿತು.

ಗುಬ್ಬಿ ಮೂಗೆಳೆಯುತ್ತ ಅದೇ ಕುರ್ಚಿಯಲ್ಲಿ ಕೂತಳು. ಒಂದೊಂದು ಚಿತ್ರಕ್ಕೂ ಹೆಸರು ಬರೆದಳು, ತಿದ್ದಿದ್ದನ್ನು ಆ ಯಂತ್ರಕ್ಕೂ ಹಾಕಿದಳು, ಸಿಸ್ಟಮ್ಮು ಕಟ್ಟುವವರಿಗೆ ಅದನ್ನು ಕಳಿಸಲೆಂದು ಕ್ಷಮೆ ಕೇಳಿ ನಾಲ್ಕು ಸಾಲು ಬರೆದಳು. ಅತ್ತೆ ಬೆನ್ನ ಹಿಂದೆ ಕಂಬದಂತೆ ನಿಂತು ಮೌಸಿನ ಒಂದೊಂದು ಚಿಟಿಕೆಯನ್ನೂ ಎಣಿಸುತ್ತಿದ್ದಳು.

“ಈಗ ಒತ್ತಿದ್ದು ಯಾವುದು?”

“ಆ ಪಟ್ಟಿ ಅತ್ತೆ. ಟಿಕ್ ಹಾಕಿದೆ. ಈಗ ಹೆಸರೆಲ್ಲ ಸರಿಯಾಗೇ ಬರೆದಿದೀನಲ್ಲ…”

ಅತ್ತೆ ಮೇಜಿನ ಹಿಂದಕ್ಕೆ ಕೈಹಾಕಿ ಮಾನಿಟರಿನ ವೈರನ್ನು ಕಿತ್ತಳು. ಆ ಮಾನಿಟರೇನು ಅವಳು ತನಗೆಂದು ಕೊಂಡದ್ದಲ್ಲ. ಕಣ್ಣಿದ್ದವರು ಬಂದರೆ ಪಾಪ, ಇರಲಿ ಎಂದು ಇಟ್ಟದ್ದು. ಕೀಬೋರ್ಡನ್ನು ಎತ್ತಿ ಗುಬ್ಬಿಯ ತೊಡೆಯ ಮೇಲೆ ಕುಕ್ಕಿದಳು.

“ಆರಿಸು. ಮತ್ತೆ ಹೊತ್ತಿಸು. ಒಳಗೆ ಹೋಗಿ ತೋರಿಸು.”

“ಅತ್ತೆ, ಏನೂ ಕಾಣ್ತಿಲ್ಲ…”

ಗುಬ್ಬಿಯ ಕೈ ಮೇಜಿನ ಮೇಲೆಲ್ಲ ತಡಕಾಡಿತು. ಮೌಸು ಅತ್ತೆಯ ಮುಷ್ಟಿಯಲ್ಲಿತ್ತು.