ಇಂಗಬೇಕಾದ ಅಂಗಳ

ಮಳೆನೀರು ಇಂಗದ ಅಂಗಳವಿದ್ದರೆ ಆ ನಗರದಲ್ಲಿ ಮನೆಗೆ ನಲ್ಲಿನೀರು ಬಂದ್. ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷಕಿ ಮಹಾನಂದಾ, ಸಂಗಪ್ಪ ಮಾಸ್ತರರ ಅಂಗಳದಲ್ಲಿ ಒಂದು ಕೊಡ ನೀರು ಸುರಿದಳು. ಹೆಂಡತಿ ಗುರವ್ವನ ಗಾಲಿಕುರ್ಚಿಗೆಂದು ಮಾಸ್ತರರು ಹಾಕಿಸಿದ್ದ ಸಿಮೆಂಟಿನ ಹಾದಿಯ ಮೇಲೆ ಹರಿದು ನೀರೆಲ್ಲ ಬೀದಿ ಸೇರಿತು.

“ಆಕಿ ಹೊರಗ ಬರಾಕ ಇದೊಂದ ದಾರಿ ಐತ್ರಿ, ಬಾಯಾರ,” ಎಂದರು ಮಾಸ್ತರರು.

“ನಿಯಮದಾಗ ಗಾಲಿಕುರ್ಚಿ ಇಲ್ರಿ,” ಎಂದಳು ಮಹಾನಂದಾ, ತಲೆಯೆತ್ತದೆ.

ಮಾಸ್ತರರು ಹಾರೆ ತಂದರು. ಎಪ್ಪತ್ತು ದಾಟಿದ ಆ ಕೈಗಳು ಹಾದಿಯನ್ನು ಒಡೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಹಾನಂದಾ ಮತ್ತೊಂದು ಕೊಡ ಸುರಿದಳು. ನೆಲ ಗಟಗಟನೆ ಕುಡಿಯಿತು. ಅವಳು ‘ಪಾಸು’ ಎಂದು ಬರೆದುಕೊಂಡಳು.

ಬಾಗಿಲ ಒಳಗೆ ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಗುರವ್ವ ಗಂಡನಿಗೆ ಮೆಲ್ಲಗೆ ಹೇಳಿದಳು: “ಇನ್ನ ಕದಾ ಯಾಕ ತಗದಿಟ್ಟೀರಿ? ಹಾಕ್ರಿ.”