ಬೆವರುವ ಗೋಡೆ

ಚಿಕ್ಕಂದಿನಲ್ಲಿ ಮನೆಗೆ ಸುಣ್ಣ ಬಳಿದ ದಿನ ಬರುತ್ತಿದ್ದ ಹಸಿ ವಾಸನೆ ಮದುವೆ ಮಂಟಪದಲ್ಲಿ ಎದ್ದಾಗ ನಾನು ತಟ್ಟನೆ ಗೋಡೆಯತ್ತ ನೋಡಿದೆ. ಮದುವೆಗಳಿಗೆ ಬಾಡಿಗೆಗೆ ಸಿಗುವ ಈ ಹಳೆಯ ದಿವಾನರ ಬಂಗಲೆಯಲ್ಲಿ, ಹುಡುಗಿಗೆ ಮನಸ್ಸಿಲ್ಲದಿದ್ದರೆ ಗೋಡೆ ಬೆವರುತ್ತದೆ. ತಾಳಿಗೆ ಮುಂಚೆ ಪುರೋಹಿತರು ಗೋಡೆ ಮುಟ್ಟಿ ನೋಡುವುದು ಇಲ್ಲಿನ ವಾಡಿಕೆ. ಇವತ್ತು ಅವರ ಅಂಗೈ ಒದ್ದೆಯಾಯಿತು.

“ಸೆಕೆ ಕಣ್ರೀ, ಮುಂದುವರಿಸಿ!” ಎಂದು ಹುಡುಗಿಯ ತಂದೆ ಶಲ್ಯದಿಂದ ಗೋಡೆ ಒರೆಸಿದರು.

“ಸೆಕೆಗೆ ನಾವು ಬೆವರ್ತೀವಿ ರಾಯರೇ, ಗೋಡೆ ಅಲ್ಲ,” ಎಂದರು ಪುರೋಹಿತರು.

ತಾಳಿ ಹಿಡಿದಿದ್ದ ನನ್ನ ಮೊಮ್ಮಗ ಮುಕುಂದ ಮೆಲ್ಲಗೆ ಕೇಳಿದ, “ವೈಜಯಂತಿ, ಬೇಡ್ವಾ?”

ಅಪ್ಪನ ಕೆಂಗಣ್ಣಿನ ಎದುರಲ್ಲೇ ಅವಳು, “ಬೇಡ,” ಎಂದಳು.

ತಂದೆ ಕೈ ಎತ್ತಿದರು. ಮುಕುಂದ ನಡುವೆ ನಿಂತ, ಕೈ ಇಳಿಯಿತು. ಅವಳನ್ನು ನನ್ನ ಪಕ್ಕ ಕೂರಿಸಿ ಅಡುಗೆಮನೆಗೆ ಹೋದ. ಬೆಳಗಿನಿಂದ ಉಪವಾಸವಿದ್ದ ಅವಳ ಕೈಗೆ ಬಿಸಿ ಅನ್ನ ಸಾರಿನ ತಟ್ಟೆ ತಂದು ಕೊಟ್ಟ.