ಬೆಚ್ಚಗಿದ್ದ ಬಾನೆಟ್ಟು

ನಮಸ್ಕಾರಕ್ಕೂ ಮೊದಲು ಲೊರೇನ್ ತಾನು ಕೊಳ್ಳಲು ಬಂದಿದ್ದ ಆ ಹಳೆಯ ಡೀಸೆಲ್ ಪಿಕಪ್ಪಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟಳು. ಬೆಚ್ಚಗಿತ್ತು. ತೀರಿಹೋದ ಗಂಡ ಆಸೆಪಟ್ಟು ಕೊಂಡಿದ್ದ ಮನೆಯಂಥ ಟ್ರೇಲರನ್ನು ಇದು ಎಳೆದುಕೊಂಡು ವಯೋಮಿಂಗಿನ ಘಾಟಿ ಹತ್ತಬೇಕಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗದ ಎಂಜಿನ್ನನ್ನು ಮಾರುವವರು ಮೊದಲೇ ಬಿಸಿಮಾಡಿಡುತ್ತಾರೆಂದು ಅವನೇ ಹೇಳಿಕೊಟ್ಟಿದ್ದ.

"ವಿಧವೆ ಅಂತ ಟೋಪಿ ಹಾಕ್ತೀರಾ ಯಜಮಾನ್ರೇ? ಯಾಕೆ ಬಿಸಿ ಮಾಡಿಟ್ರಿ?"

ಗಾಡಿಯ ಒಡೆಯ, ಮುದುಕ ಆರ್ಲಿಸ್, ಟೋಪಿ ತೆಗೆದ. "ಈಗಷ್ಟೇ ಸ್ಮಶಾನದಿಂದ ಬಂದೆ ಕಣಮ್ಮ. ಗಾಡಿ ಮಾರ್ತಿದೀನಿ ಅಂತ ನಮ್ಮವಳಿಗೆ ಹೇಳ್ಬೇಕಿತ್ತು."

ಅವನ ಪ್ಯಾಂಟಿನ ಎರಡೂ ಮಂಡಿಗಳ ಮೇಲೆ ಒದ್ದೆ ಹುಲ್ಲು ಅಂಟಿತ್ತು. ಲೊರೇನ್ ಅದನ್ನೇ ನೋಡುತ್ತಿದ್ದು, ಮೆಲ್ಲಗೆ ಅವನ ಮನೆಯ ಮೆಟ್ಟಿಲ ಮೇಲೆ ಕೂತಳು.

"ಎಂಜಿನ್ ತಣ್ಣಗಾಗೋವರೆಗೂ ನಾನು ಏಳಲ್ಲ, ಕಾಫಿ ತನ್ನಿ," ಎಂದಳು. "ಆಮೇಲೆ ಹೇಳಿ, ನಿಮ್ಮನೆಯವ್ರು ಏನಂದ್ರು?"